ಮಾವನವರ ಕೆಂಪು ಮುಖ

ಕಾಲಿನ ನೋವಿಗೆಂದು ಡಾಕ್ಟರು ನಿನ್ನೆ ಹೊಸ ಗುಳಿಗೆ ಬರೆದುಕೊಟ್ಟು, "ಮುಖ ಸ್ವಲ್ಪ ಬಿಸಿಯಾಗಬಹುದು, ಹೆದರಬೇಡಿ" ಎಂದರು. ಇಂದು ಬೆಳಿಗ್ಗೆ ನುಂಗಿದೆ. ಕಿವಿ ಬೆಚ್ಚಗಾದದ್ದೇ ತಡ, ನಗು ಬಂತು. ಈ ಬಿಸಿ ನನಗೆ ಹಳೆಯ ಪರಿಚಯ; ಆಗ ಅದು ಮಾವನವರ ಮುಖದಲ್ಲಿತ್ತು.

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತಷ್ಟೇ. ಕಾನ್ವೆಂಟಿನಲ್ಲಿ ಕಸೂತಿ ಕಲಿತ ನಾನು ಉಮದಿ ಹಳ್ಳಿಯ ಕಿರಾಣಿ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದು ರೊಟ್ಟಿ ಬಡಿಯಲು ಒದ್ದಾಡುತ್ತಿದ್ದೆ. ನನ್ನ ರೊಟ್ಟಿ ನೋಡಿದ್ದರೆ ನಿಮಗೂ ಹಸಿವು ಹೋಗುತ್ತಿತ್ತು. ಮಾವನವರು ಮಾತ್ರ "ಚಲೋ ಆಗ್ಯಾವು" ಎಂದು ತಿನ್ನುವರು. ಸಿಟ್ಟು ಅವರಿಗೆ ಗೊತ್ತೇ ಇರಲಿಲ್ಲ. ಅಂಗಡಿಗೆ ಹೋಗುವ ದಾರಿಯಲ್ಲಿ ಅಲ್ಲಲ್ಲಿ ನಿಂತು ಮಾತಾಡುವರು. ದರ್ಜಿ ಹುಸೇನಸಾಬರ ಕಟ್ಟೆಯ ಮೇಲಂತೂ ಕುಳಿತೇಬಿಡುವರು. ನಾಲ್ಕು ಹೆಜ್ಜೆಗೆ ಮೀನಖಂಡ ಹಿಡಿಯುತ್ತದೆ, ಅದಕ್ಕೇ ನಿಲ್ಲುತ್ತಾರೆ ಎಂಬುದು ಅತ್ತೆಗೂ ನನಗೂ ಮಾತ್ರ ಗೊತ್ತು.

ಸಾಂಗಲಿಯ ಡಾಕ್ಟರೊಬ್ಬರು ರಕ್ತನಾಳ ಹಿಗ್ಗಿಸುವ ಗುಳಿಗೆ ಕೊಟ್ಟರು. ನುಂಗಿದ ಸ್ವಲ್ಪ ಹೊತ್ತಿಗೆ ಮಾವನವರ ಕೆನ್ನೆ, ಕಿವಿಯೆಲ್ಲ ಹಣ್ಣು ಮೆಣಸಿನಕಾಯಿ. ದಿನ ಕಳೆದಂತೆ ನೋವು ತಗ್ಗಿತು. ಅವರು ಹುರುಪಿನಿಂದ, ಎಲ್ಲಿಯೂ ನಿಲ್ಲದೆ ಅಂಗಡಿ ಮುಟ್ಟತೊಡಗಿದರು.

ಒಂದು ಸಂಜೆ ಹುಸೇನಸಾಬರು ಬಂದು ಹೊಸ್ತಿಲಾಚೆಯೇ ನಿಂತರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಸಾವಕಾರ್ರ, ನನ್ನಿಂದ ಏನ್ ತಪ್ಪಾತ್ರಿ? ಮಾರಿ ಕೆಂಪಗ ಮಾಡ್ಕೊಂಡು ಕಟ್ಟಿ ಮುಂದಿಂದ ಹಂಗ ಹೋಗ್ತೀರಿ. ಅಂಗಿ ಬಿಗಿ ಆಗಿದ್ರ ಬಿಚ್ಚಿ ಹೊಲಿತೇನ್ರಿ."

ಮಾವನವರು ತಬ್ಬಿಬ್ಬಾದರು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಸಿಟ್ಟಲ್ರಿ ಅದು, ಕಾಲಿನ ಗುಳಗಿ. ಸಿಟ್ಟು ಬರೂದಿದ್ರ ಸೊಸಿ ರೊಟ್ಟಿಗೇ ಬರ್ತಿತ್ತು."

ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ಹುಸೇನಸಾಬರು ಮೆಲ್ಲಗೆ ಕೇಳಿದರು: "ಹಂಗಾರ ಇಷ್ಟು ವರ್ಸ ಕಾಲು ನೋಯ್ತಾವಂತ ಕುಂದರ್ತಿದ್ರೇನ್ರಿ?"

ಮಾವನವರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಮೊದಲ್ನೇ ದಿನ ಕಾಲಿಗಂತನ ಕುಂತಿದ್ದೆ, ಖರೆ. ಆಮ್ಯಾಲ ಏಳಾಕ ಮನಸಾಗ್ಲಿಲ್ಲ. ನಡೀರಿ, ಕಟ್ಟಿಗೆ ಹೋಗೂಣು."

ಮರುದಿನದಿಂದ ಅವರು ಮನೆಯಿಂದ ಬೇಗ ಹೊರಡುತ್ತಿದ್ದರು. ಮುಖದ ಕೆಂಪೆಲ್ಲ ಆ ಕಟ್ಟೆಯ ಮೇಲೆಯೇ ಇಳಿಯುತ್ತಿತ್ತು.

ನಾನೂ ಈಚೆಗೆ ಕಾಲು ನೋಯುವಾಗ ಓಣಿಯ ಒಂದು ಗೇಟು ಹಿಡಿದು ನಿಲ್ಲುತ್ತೇನೆ. ಆ ಮನೆಯಾಕೆಯ ದಾಸವಾಳ ಹೊಗಳುತ್ತ ಸುಧಾರಿಸಿಕೊಳ್ಳುತ್ತೇನೆ. ಆಕೆಯ ಹೆಸರನ್ನು ಈವರೆಗೆ ಕೇಳಿಲ್ಲ. ಇಂದು ನೋವು ಶುರುವಾಗುವ ಮೊದಲೇ, ಕೆಂಪು ಮುಖದಲ್ಲೇ, ಗೇಟು ತೆಗೆದು ಒಳಗೆ ಹೋದೆ.