ಅಜ್ಜಿಯ ತಾರಸಿಯ ಮೇಲಿನ ಆಂಟೆನಾ

ಚೇಳೂರಿನ ಮೇಲೆ ಹಾದುಹೋಗುವ ವಿಮಾನಗಳನ್ನು ಗುರುತಿಸುವ ಆಂಟೆನಾ ನನ್ನದೇ. ಆದರೆ ಅದು ನಿಂತಿರುವುದು ಪಕ್ಕದ ಮನೆಯ ಅಜ್ಜಿಯ ತಾರಸಿಯ ಮೇಲೆ. ನನ್ನ ಮನೆ ಹೆಂಚಿನದು, ತಗ್ಗು. ಸುತ್ತ ತೆಂಗಿನ ಮರಗಳು ಬೇರೆ. ಅಜ್ಜಿಯ ಮನೆಗೆ ಎರಡು ಅಂತಸ್ತು, ಅದರ ಮೇಲೆ ನೀರಿನ ಟ್ಯಾಂಕು. ಅಲ್ಲಿಂದ ನಾಲ್ಕೂ ದಿಕ್ಕು ಬಯಲು.

ನಾನು ಬಸ್ ಸ್ಟ್ಯಾಂಡಿನ ಹತ್ತಿರ ಟಿವಿ ರಿಪೇರಿ ಅಂಗಡಿ ಇಟ್ಟವನು. ಊರಿನ ಅರ್ಧ ಮನೆಗಳ ಡಿಶ್ ಕೂರಿಸಿದವನೂ ನಾನೇ. ಈಗ ಜನ ಮೊಬೈಲು ನೋಡುತ್ತಾರೆ, ಡಿಶ್ ಯಾರಿಗೂ ಬೇಡ. ಕೈ ಖಾಲಿ ಕೂತರೆ ನನಗೆ ಎಲ್ಲರ ಮೇಲೂ ಸಿಟ್ಟು ಬರುತ್ತದೆ. ಹಾಗೆ ಕೂತಿದ್ದಾಗ, ವಿಮಾನಗಳನ್ನು ನಕ್ಷೆಯ ಮೇಲೆ ತೋರಿಸುವ ಒಂದು ವೆಬ್‌ಸೈಟಿನವರು ಹಳ್ಳಿಗಾಡುಗಳಲ್ಲಿ ಆಂಟೆನಾ ಇಟ್ಟುಕೊಳ್ಳುವವರನ್ನು ಹುಡುಕುತ್ತಿದ್ದಾರೆಂದು ತಿಳಿಯಿತು. ಪ್ರತಿ ವಿಮಾನವೂ ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೊದಲ್ಲಿ ಸಾರುತ್ತಾ ಹೋಗುತ್ತದಂತೆ. ಅದನ್ನು ಕೇಳಿಸಿಕೊಂಡು ಇಂಟರ್ನೆಟ್ಟಿಗೆ ಕಳಿಸಬೇಕು, ಅಷ್ಟೇ. ನಾನು ಬರೆದು ಹಾಕಿದೆ. ಸಾಮಾನೆಲ್ಲ ಅವರೇ ಕಳಿಸಿದರು. ಕೊರಿಯರಿನವನು ಚೇಳೂರಿನ ತನಕ ಬರುವುದಿಲ್ಲವೆಂದು ಹಟ ಹಿಡಿದ. ಗುಬ್ಬಿಗೆ ಹೋಗಿ ಅವನೊಂದಿಗೆ ಜಗಳವಾಡಿ ತಂದೆ.

ಅಜ್ಜಿಯನ್ನು ಕೇಳಲು ಸ್ವಲ್ಪ ಅಳುಕಿತ್ತು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಕೊಬ್ಬರಿ ವ್ಯಾಪಾರದ ಮಗ, ಸೊಸೆ, ಮೊಮ್ಮಕ್ಕಳಿರುವ ಆ ಮನೆಯಲ್ಲಿ ಅವರ ಮಾತೇ ನಡೆಯುವುದು.

‘ಅಜ್ಜಿ, ನಿಮ್ ತಾರ್ಸಿ ಮೇಲೆ ಒಂದ್ ಪೈಪ್ ನಿಲ್ಲಿಸ್ಲಾ? ಮೇಲೆ ಹೋಗೋ ಪ್ಲೇನೆಲ್ಲ ಗೊತ್ತಾಗ್ತವೆ.’

‘ಗೊತ್ತಾಗಿ ಏನ್ಲಾ ಮಾಡ್ತೀಯಾ?’

‘ಸುಮ್ನೆ ನೋಡ್ತೀನಿ,’ ಅಂದೆ.

‘ನೋಡು ಬುಡು. ನನ್ ಸಂಡಿಗೆ ಮೇಲೆ ಕಾಲಿಡ್ಬೇಡ.’

ಅಲ್ಲಿಗೆ ಒಪ್ಪಂದ ಮುಗಿಯಿತು. ಟ್ಯಾಂಕಿನ ಪಕ್ಕ ಪೈಪು ನಿಲ್ಲಿಸಿ, ತುದಿಗೆ ಗೇಣುದ್ದದ ಆಂಟೆನಾ ಕೂರಿಸಿದೆ. ಸಿಗ್ನಲ್ ಹಿಡಿದು ಇಂಟರ್ನೆಟ್ಟಿಗೆ ಕಳಿಸುವ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿನ ಗೂಡಿನಲ್ಲಿಟ್ಟೆ. ಕರೆಂಟು ಅಜ್ಜಿಯ ಮನೆಯದು, ವೈಫೈ ನನ್ನದು. ಆವತ್ತಿನಿಂದ ಅಜ್ಜಿ ಕಾಂಪೌಂಡಿನ ಆಚೆಯಿಂದ ಪ್ರತಿ ಸಂಜೆ ಕೇಳುವರು: ‘ಇವತ್ತು ಎಷ್ಟ್ ಗಾಡಿ ಹೋದ್ವೋ?’ ದುಬೈಗೆ ಹೋಗುವುದೂ ಅವರಿಗೆ ಗಾಡಿಯೇ, ಗುಬ್ಬಿಗೆ ಹೋಗುವುದೂ ಗಾಡಿಯೇ. ನಾನು ಹೇಳಿದರೆ ಸಮಾಧಾನದಿಂದ ಒಳಗೆ ಹೋಗುವರು. ಆಂಟೆನಾ ಇಟ್ಟುಕೊಂಡಿದ್ದಕ್ಕೆ ವೆಬ್‌ಸೈಟಿನವರು ನನಗೆ ಧನ್ಯವಾದದ ಮೇಲ್ ಕಳಿಸುತ್ತಾರೆ. ಓದಿದಾಗಲೆಲ್ಲ, ಇದು ವಿಳಾಸ ತಪ್ಪಿ ನನಗೆ ಬಂದಿದೆ ಅನ್ನಿಸುತ್ತದೆ.

ಹೀಗಿರುವಾಗ ನನ್ನ ತಾಯಿಗೆ, ಅಮ್ಮಿಗೆ, ಉಮ್ರಾ ಯಾತ್ರೆಗೆ ಹೋಗುವ ಅವಕಾಶ ಬಂತು. ತುಮಕೂರಿನ ಸದಾಶಿವನಗರದಲ್ಲಿರುವ ನನ್ನ ಚಿಕ್ಕಮ್ಮ ಮೆಕ್ಕಾಕ್ಕೆ ಹೊರಟ ಗುಂಪಿನಲ್ಲಿ ತನ್ನ ಜೊತೆಗೆ ಅಕ್ಕನ ಹೆಸರನ್ನೂ ಸೇರಿಸಿದ್ದಳು. ಅಮ್ಮಿ ನಮಾಜಿನ ಚಾಪೆ ಮಡಿಸುವಾಗಲೆಲ್ಲ ಆ ಊರಿಗೆ ಹೋಗಬೇಕು ಅನ್ನುತ್ತಿದ್ದವಳು. ಅವಕಾಶ ಕೈಗೆ ಬಂದಾಗ ಬೇಡವೆಂದು ಕೂತಳು. ಕುಣಿಗಲ್ ದಾಟಿ ದೂರದ ಊರು ಕಂಡವಳಲ್ಲ, ವಿಮಾನವೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಒಂದು ಸಂಜೆ ಅಜ್ಜಿಯ ತಾರಸಿಯ ಮೇಲೆ ಸಂಡಿಗೆ ಎತ್ತಿಡುತ್ತಾ ಭಯವನ್ನು ಬಾಯಿಬಿಟ್ಟು ಹೇಳಿದಳು.

‘ಬಸ್ಸು ಕೆಟ್ಟು ನಿಂತ್ರೆ ದಾರೀಲಿ ಯಾರಾದ್ರೂ ನೋಡ್ತಾರೆ ಅಕ್ಕ. ಅಷ್ಟು ಮೇಲೆ ಹೋದ್ಮೇಲೆ ನಾವು ಯಾರ್ ಕಣ್ಣಿಗೂ ಬೀಳಲ್ವಲ್ಲ.’

ಅಜ್ಜಿ ಗದರಿದರು. ‘ಯಾಕ್ ಬೀಳಲ್ಲ? ಅಲ್ ನೋಡು, ನಿನ್ ಮಗ ಕಡ್ಡಿ ನೆಟ್ಟವ್ನೆ. ದಿನಾ ಅದ್ನೇ ತಾನೆ ನೋಡ್ತಾ ಕೂತಿರೋದು?’

ಅಮ್ಮಿ ಆಂಟೆನಾವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ‘ಇಲ್ಲಿಂದ ಕಾಣ್ತೀನಾ ನಾನು?’

‘ಕಾಣ್ತೀಯಮ್ಮಿ. ನಮ್ ಮೇಲೇ ಹೋಗೋದು ಅದು.’

ಆ ಮಾತಿನ ಮೇಲೆ ಒಪ್ಪಿದಳು. ಆದರೆ ನಾನು ಏರ್‌ಪೋರ್ಟಿಗೆ ಬರಕೂಡದು ಎಂದು ಷರತ್ತು ಹಾಕಿದಳು. ಅಲ್ಲಿಗೆ ಬಂದುಬಿಟ್ಟರೆ ಇಲ್ಲಿ ನೋಡುವವರು ಯಾರು? ವೆಬ್‌ಸೈಟನ್ನು ಎಲ್ಲಿ ನಿಂತರೂ ಮೊಬೈಲಿನಲ್ಲೇ ನೋಡಬಹುದೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ನಮ್ಮ ಕಡ್ಡಿಯಲ್ಲೇ ಕಾಣಬೇಕು, ನಾನೇ ನೋಡಬೇಕು. ಹಿಡಿದ ಪಟ್ಟು ಬಿಡದಿರುವುದು ನನಗೆ ಎಲ್ಲಿಂದ ಬಂತೆಂದು ಆವತ್ತು ತಿಳಿಯಿತು.

ಹೊರಡುವ ಹಿಂದಿನ ದಿನ ಚಿಕ್ಕಮ್ಮನ ಮನೆಗೆ ಬಿಟ್ಟು ಬಂದೆ. ಬೆಳಿಗ್ಗೆ ಅಮ್ಮಿಯ ಫೋನು ಬಂತು. ‘ಬಾಗ್ಲು ಹಾಕ್ತವ್ರೆ. ಫೋನ್ ಆಫ್ ಮಾಡ್ಬೇಕಂತೆ. ನೋಡ್ತಿರು.’ ನೋಡುತ್ತಿರುತ್ತೇನೆಂದು ಹೇಳಿ ಮೊಬೈಲಿನಲ್ಲಿ ನಮ್ಮ ಆಂಟೆನಾದ ಸ್ಕ್ರೀನು ತೆರೆದೆ.

ಒಂದೂ ವಿಮಾನವಿಲ್ಲ. ಬೆಳಿಗ್ಗೆಯ ಹೊತ್ತು ಬೆಂಗಳೂರಿನಿಂದ ಎದ್ದು ನಮ್ಮ ತಲೆಯ ಮೇಲೆ ಸಾಲುಗಟ್ಟುವ ವಿಮಾನಗಳಲ್ಲಿ ಒಂದಾದರೂ ಕಾಣಬೇಡವೇ? ಪೆಟ್ಟಿಗೆ ಕೆಲಸ ಮಾಡುತ್ತಿತ್ತು, ನೆಟ್ ಇತ್ತು, ನಕ್ಷೆ ಮಾತ್ರ ಬೋಳು. ಅಜ್ಜಿಯ ಮನೆಯ ಮೆಟ್ಟಿಲುಗಳನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ತಾರಸಿಯ ತುಂಬ ಬೇವಿನೆಲೆ, ತೆಂಗಿನ ನಾರು, ಒದ್ದೆ ಕಸ. ದಿನಾ ಕನ್ನಡಿಯ ಹಾಗಿರುವ ತಾರಸಿಗೆ ಇವತ್ತೇ ಏನು ಬಂತೆಂದು ಗೊಣಗಿಕೊಂಡು ಜಾರುತ್ತಾ ಟ್ಯಾಂಕಿನ ಹತ್ತಿರ ಹೋದೆ. ಪೈಪಿನ ತುದಿಯಲ್ಲಿ ಆಂಟೆನಾ ಕಾಣಬೇಕಾದ ಕಡೆ ಒಂದು ದೊಡ್ಡ ಅಲ್ಯೂಮಿನಿಯಂ ಡಬರಿ ಬೋರಲು ಕೂತಿತ್ತು. ಗಾಳಿಗೆ ಹಾರದಿರಲೆಂದು ಹಗ್ಗ ಬಿಗಿದು ಕಟ್ಟಿತ್ತು.

‘ಅಜ್ಜಿ, ಇದನ್ಯಾರು ಮುಚ್ಚಿದ್ದು?’ ಕೂಗಿದ್ದು ಬೀದಿಗೆಲ್ಲ ಕೇಳಿರಬೇಕು.

ಅಜ್ಜಿ ಮಂಡಿ ಹಿಡಿದುಕೊಂಡು ಮೇಲೆ ಬಂದರು. ‘ನಾನೇ ಕಣೋ. ನಸುಕಲ್ಲಿ ಹನಿ ಹಾಕ್ತಿತ್ತು. ನಿಮ್ಮಮ್ಮ ಹೋಗೋ ದಿನ ಅದು ನೆನೀಬಾರ್ದು ಅಂತ ಮುಚ್ದೆ. ಡಿಶ್ಶಿನ ಮೂತಿಗೆ ನೀನೇ ಡಬ್ಬ ಮುಚ್ತೀಯಲ್ಲ?’

ನಿಜ. ಊರಿನ ಡಿಶ್‌ಗಳ ಮೂತಿಗೆಲ್ಲ ಮಳೆ ತಾಗದಿರಲೆಂದು ಖಾಲಿ ಎಣ್ಣೆ ಡಬ್ಬ ಕತ್ತರಿಸಿ ಮುಚ್ಚುವವನು ನಾನೇ. ‘ಅದು ಪ್ಲಾಸ್ಟಿಕ್ ಅಜ್ಜಿ. ಇದು ಲೋಹ. ಏನೂ ಕೇಳ್ಸಲ್ಲ ಅದಕ್ಕೆ.’

‘ಮನೇಲಿ ಪ್ಲಾಸ್ಟಿಕ್ ಡಬ್ಬಾನೂ ಇತ್ತು. ಇಂಥಾ ದಿನ ಹಳೇ ಡಬ್ಬ ಮುಚ್ಚಕ್ಕೆ ಮನ್ಸು ಬರ್ಲಿಲ್ಲ.’

ಟ್ಯಾಂಕಿನ ಏಣಿಯನ್ನು ಈ ವಯಸ್ಸಿನಲ್ಲಿ, ಆ ಹನಿಯಲ್ಲಿ, ಕೈಯಲ್ಲಿ ಡಬರಿ ಹಿಡಿದು ಹೇಗೆ ಹತ್ತಿದರೋ. ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡು ಏಣಿ ಹತ್ತಿ ಹಗ್ಗ ಬಿಚ್ಚಿದೆ. ನೆನೆದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಡಬರಿ ತೆಗೆದು ಮೊಬೈಲು ನೋಡಿದರೆ ಒಂದು ವಿಮಾನ ಕಂಡಿತು, ಹಿಂದೆಯೇ ಇನ್ನೊಂದು. ಅಮ್ಮಿಯದು ಹೊರಡುವುದು ತಡವಾಗಿತ್ತು. ದೇವರು ದೊಡ್ಡವನು. ಸ್ವಲ್ಪ ಹೊತ್ತಿನಲ್ಲೇ ಅದರ ನಂಬರು ಮೂಡಣದ ಅಂಚಿನಲ್ಲಿ ಮೂಡಿ, ಮೇಲೇರುತ್ತಾ ತುಮಕೂರಿನ ಕಡೆ ಬಂತು. ಅಜ್ಜಿ ನನ್ನ ಹೆಗಲ ಮೇಲೆ ಕೈಯಿಟ್ಟು ಮೊಬೈಲಿನೊಳಗೆ ಬಗ್ಗಿದರು.

‘ಇದ್ರಲ್ಲವ್ಳಾ?’

‘ಇದ್ರಲ್ಲೇ.’

ಇಬ್ಬರೂ ತಲೆಯೆತ್ತಿದೆವು. ಮೋಡ ಬಿಟ್ಟರೆ ಏನೂ ಕಾಣಲಿಲ್ಲ. ಸದ್ದು ಮಾತ್ರ ಸಣ್ಣಗೆ ಹಾದುಹೋಯಿತು. ಅಜ್ಜಿ ಆ ಸದ್ದಿಗೇ ಕೈಮುಗಿದರು.

ನಮ್ಮ ಆಂಟೆನಾಕ್ಕೆ ಪಶ್ಚಿಮಘಟ್ಟದಿಂದಾಚೆ ಹೆಚ್ಚು ದೂರ ಕೇಳಿಸುವುದಿಲ್ಲ. ಆಮೇಲೆ ವೆಬ್‌ಸೈಟಿನಲ್ಲಿ ನೋಡಿದೆ. ಕರಾವಳಿಯಲ್ಲಿ ಇನ್ಯಾರದೋ ಆಂಟೆನಾ ಅಮ್ಮಿಯನ್ನು ಕೈಬಿಡದೆ ಸಮುದ್ರದ ಮೇಲೆ ಸಾಕಷ್ಟು ದೂರ ಬಿಟ್ಟುಬಂತು. ಅಲ್ಲಿಂದ ಮುಂದೆ ಮರೆಯಾದಳು. ನಡುಸಮುದ್ರದಲ್ಲಿ ಹೀಗಾಗುವುದು ದಿನನಿತ್ಯದ ಮಾತು, ನೂರಾರು ವಿಮಾನಗಳು ಮರೆಯಾಗಿ ಮತ್ತೆ ಬಂದದ್ದನ್ನು ಕಂಡವನು ನಾನು. ಆದರೂ ಅಂಗಡಿ ತೆರೆಯಲಿಲ್ಲ, ಊಟ ಸೇರಲಿಲ್ಲ. ಕಾಂಪೌಂಡಿನ ಆಚೆಯಿಂದ ಅಜ್ಜಿ ಕೇಳುತ್ತಲೇ ಇದ್ದರು.

‘ಯಾಕೋ ಕಾಣಲ್ಲ?’

‘ಸಮುದ್ರದಲ್ಲಿ ಯಾರ ಮನೇನೂ ಇಲ್ಲ ಅಜ್ಜಿ. ಆಂಟೆನಾ ಎಲ್ಲಿ ನಿಲ್ಲಿಸ್ತಾರೆ?’

ಒಮಾನಿನ ದಡ ಹತ್ತಿರವಾದಾಗ ಅಮ್ಮಿಯ ವಿಮಾನ ಮತ್ತೆ ನಕ್ಷೆಯ ಮೇಲೆ ಕಂಡಿತು. ಓಡಿ ಹೋಗಿ ಹೇಳಿದೆ. ‘ಅಲ್ಲೂ ಯಾವಳೋ ಮುದುಕಿ ತಾರ್ಸಿ ಬುಟ್ಟವ್ಳೆ ಅನ್ನು,’ ಅಂದರು ಅಜ್ಜಿ. ‘ಅವಳ ಹೊಟ್ಟೆ ತಣ್ಣಗಿರ್ಲಿ.’ ಹೆಸರು ಗೊತ್ತಿಲ್ಲದ, ಮುಖ ಕಾಣದ ಎಷ್ಟು ಮನೆಯವರು ತಮ್ಮ ಮಾಳಿಗೆಯ ಮೇಲೆ ಒಂದು ಕಡ್ಡಿ ನೆಟ್ಟು, ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡಂತೆ ನನ್ನ ತಾಯಿಯನ್ನು ದಾಟಿಸುತ್ತಿದ್ದರು. ಅವರಿಗೆಲ್ಲ ನಾನು ಹೇಗೆ ತಾನೆ ಧನ್ಯವಾದ ಹೇಳಲಿ?

ಮಧ್ಯಾಹ್ನ ಇಳಿಬಿಸಿಲಿನ ಹೊತ್ತಿಗೆ ಮೆಕ್ಕಾದ ಹತ್ತಿರದ ಜೆಡ್ಡಾದಲ್ಲಿ ವಿಮಾನ ನೆಲ ಮುಟ್ಟಿತು. ಅಜ್ಜಿಯ ಮನೆಗೆ ಹೋದೆ. ಅಂಗಳ, ಜಗಲಿ, ನಡುಮನೆ ಎಲ್ಲ ಕಡೆ ಕಸ. ಸೊಸೆ ಮುಖ ಊದಿಸಿಕೊಂಡು ಕೂತಿದ್ದರು. ಅಜ್ಜಿ ತಾರಸಿಯ ಮೇಲೆ, ಆಂಟೆನಾದ ಬುಡದಲ್ಲಿ, ಪೊರಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

‘ಇಳೀತಾ?’

‘ಇಳೀತಜ್ಜಿ.’

‘ನೆಲಕ್ಕೆ?’

‘ನೆಲಕ್ಕೇ. ಯಾಕಜ್ಜಿ, ಮನೆಯೆಲ್ಲ ಹಿಂಗೈತೆ?’

‘ನಿನ್ನೆ ಅವ್ಳು ಹೊರಟಾಗಿಂದ ಗುಡಿಸಿಲ್ಲ ಕಣೋ. ದೂರ ಹೋದೋರು ಮುಟ್ಟೋಗಂಟ ಗುಡಿಸ್ಬಾರ್ದಲ್ಲ. ಬಸ್ಸಾಗಿದ್ರೆ ಗುಬ್ಬಿ ಮುಟ್ಟೋ ಹೊತ್ಗೆ ಗುಡಿಸ್ಬುಡ್ತಿದ್ದೆ. ಇದು ಎಲ್ ಹೋಗಿ ಮುಟ್ಟುತ್ತೋ ನಂಗೇನ್ ಗೊತ್ತು?’

ಇದನ್ನು ಸ್ವಂತ ಮನೆಯಿಂದ ಹೊರಟವರಿಗಾಗಿ ಮಾಡುತ್ತಾರೆ. ಅಮ್ಮಿ ಹೊರಟಿದ್ದು ನನ್ನ ಮನೆಯಿಂದ. ನನ್ನ ಮನೆಯನ್ನು ನಾನು ಬೆಳಿಗ್ಗೆಯೇ ಗುಡಿಸಿಯಾಗಿತ್ತು. ಅಲ್ಲೇ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಅತ್ತೆ.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದರು. ‘ಕಾಲೆತ್ಲಾ,’ ಅಂದರು. ‘ದೀಪ ಹಚ್ಚೋದ್ರೊಳ್ಗೆ ಎಲ್ಲ ಗುಡಿಸ್ಬೇಕು.’