ಕುರ್ಚಿ ಹಾಕಿ ತಡೆದದ್ದು

೧೯೯೪ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಅಂದಿನಿಂದ ಕೇಬಲ್ ಎಳೆಯುವುದೇ ಕೆಲಸ. ಮೊದಲು ಟೀವಿಯದು, ಆಮೇಲೆ ಆಫೀಸುಗಳ ಕಂಪ್ಯೂಟರಿನದು. ಚಾಮರಾಜಪೇಟೆಯಿಂದ ಬಸವನಗುಡಿಯವರೆಗೆ ನಾನು ವೈರು ಎಳೆಯದ ಆಫೀಸು ಕಡಿಮೆ ಎಂದು ಎದೆ ತಟ್ಟಿ ಹೇಳಬಲ್ಲೆ.

ಹೋದ ವರ್ಷ, ನನಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಕೊಡುವ ಕಂಪನಿಯವರು ಹೊಸ ನಿಯಮ ತಂದರು. ಕಂಪ್ಯೂಟರ್ ಭದ್ರತೆಯ ಸರ್ಟಿಫಿಕೇಟ್ ಇಲ್ಲದವರು ಇನ್ನು ಸರ್ವರ್ ರೂಮಿಗೆ ಕಾಲಿಡುವಂತಿಲ್ಲ. ಯೂನಿವರ್ಸಿಟಿಯ ಸಂಜೆ ಕೋರ್ಸಿಗೆ ಸೇರಿದೆ. ಅಲ್ಲಿ ಓದಿನ ಬದಲು ಅನುಭವ ಕೇಳಿದರು. ಅದು ನನ್ನಲ್ಲಿ ಬೇಕಾದಷ್ಟಿತ್ತು.

"ಸೆಕ್ಯೂರಿಟಿ ಕಲೀತಿದೀನಿ" ಎಂದಾಗ ಟೀ ಅಂಗಡಿಯ ಗೆಳೆಯ ನಕ್ಕ. "ಯಾವ ಅಪಾರ್ಟ್‌ಮೆಂಟ್ ಗೇಟಲ್ಲಿ ಗುರು? ಸೀಟಿ ಕೊಟ್ರಾ?"

ಪರೀಕ್ಷೆಯ ದಿನ ಅವನ ಮಾತೇ ನಿಜವಾಯಿತು. ನಮಗೆ ಪಾಠ ಹೇಳುವ ಮೇಡಂ ನನ್ನನ್ನು ಸರ್ವರ್ ರೂಮಿನ ಬಾಗಿಲಲ್ಲಿ ನಿಲ್ಲಿಸಿದರು. "ಅವರವರ ಕಾರ್ಡ್ ಉಜ್ಜಿ ಅವರವರೇ ಬರ್ಬೇಕು. ನಿಮ್ಮ ಕಾರ್ಡಲ್ಲಿ ಇನ್ನೊಬ್ರು ಒಳಗೆ ಬಂದ್ರೆ ಫೇಲು." ಇಷ್ಟು ಹೇಳಿ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ವಯಸ್ಸಾದ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಹಣೆ ತುಂಬ ಕುಂಕುಮ, ಕೈಯಲ್ಲಿ ಸ್ಟೀಲ್ ಡಬ್ಬಿ.

"ಬಾಗ್ಲು ತೆಗಿಯಪ್ಪಾ. ನಿಮ್ಮ ಮೇಡಂ ಅಮ್ಮ ನಾನು. ಶುಗರ್ ಮಾತ್ರೆ ಮನೇಲೇ ಬಿಟ್ಟು ಬಂದಿದಾಳೆ."

ದೊಡ್ಡವರು ಬಂದಾಗ ಬಾಗಿಲು ಹಿಡಿದು ದಾರಿ ಬಿಟ್ಟೇ ಬೆಳೆದವನು ನಾನು. ನನ್ನನ್ನು ಕೇಳದೆಯೇ ಕೈ ಕೊರಳಿನ ಕಾರ್ಡಿಗೆ ಹೋಯಿತು. ಅಲ್ಲೇ ತಡೆದೆ.

"ಅಮ್ಮಾ, ನಿಮ್ಮ ಹತ್ರ ಕಾರ್ಡ್ ಇದೆಯಾ?"

"ಮಗಳನ್ನ ನೋಡೋಕೂ ಕಾರ್ಡಾ? ಕಾಲ ಕೆಟ್ಟೋಯ್ತು."

ಮೇಡಂಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಬಾಗಿಲು ತಟ್ಟಿದೆ. ಒಳಗೆ ಏಸಿಗಳ ಮೊರೆತ, ಯಾರಿಗೂ ಕೇಳಿಸಲಿಲ್ಲ. ಬಾಗಿಲ ಪಕ್ಕ ನನಗೆಂದು ಹಾಕಿದ್ದ ಕುರ್ಚಿಯನ್ನು ಅವರ ಕಡೆ ತಳ್ಳಿದೆ. ಅವರು ಕುಳಿತರು.

"ಅವಳಿಗೆ ತಲೆ ತಿರುಗಿ ಬಿದ್ರೆ ನೀನೇ ಹೊಣೆ. ನಿಮ್ಮಮ್ಮ ಬಂದ್ರೂ ಹಿಂಗೇ ನಿಲ್ಲಿಸ್ತೀಯಾ?"

"ನಿಲ್ಲಿಸ್ತೀನಮ್ಮಾ. ಅವರಿಗೂ ಕುರ್ಚಿ ಹಾಕೇ ನಿಲ್ಲಿಸ್ತೀನಿ."

ಬಾಯಲ್ಲಿ ಹಾಗೆ ಅಂದೆನೇ ಹೊರತು ಬೆನ್ನೆಲ್ಲ ಬೆವರು. ಮಾತು ನಿಜವಾಗಿದ್ದರೆ? ಒಳಗೆ ಮೇಡಂ ಆಗಲೇ ಕುಸಿದಿದ್ದರೆ? ಸುಳ್ಳಾಗಿದ್ದು ನಾನು ಬಾಗಿಲು ತೆಗೆದರೆ ಸರ್ಟಿಫಿಕೇಟೂ ಇಲ್ಲ, ಕಂಪನಿಯ ಕೆಲಸವೂ ಇಲ್ಲ. ಕಾರ್ಡು ಉಜ್ಜಿದರೆ ಒಂದು ಕ್ಷಣದ ಕೆಲಸ. ಉಜ್ಜಲಿಲ್ಲ. ಎರಡೂ ಮುಷ್ಟಿಯಿಂದ ಬಾಗಿಲು ಗುದ್ದತೊಡಗಿದೆ. "ಮೇಡಂ! ನೀವೇ ಹೊರಗೆ ಬನ್ನಿ, ಮೇಡಂ!" ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕೊನೆಗೆ ಬಾಗಿಲು ಒಳಗಿನಿಂದ ತೆರೆಯಿತು. ಮೇಡಂ ಗಟ್ಟಿಮುಟ್ಟಾಗಿ ನಿಂತಿದ್ದರು. ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದು ನನಗೆ ತೋರಿಸಿದರು. ಮಾತ್ರೆ ಇರಲಿಲ್ಲ. ಒಂದು ಪೆನ್‌ಡ್ರೈವ್ ಇತ್ತು. "ಒಳಗೆ ಬಿಟ್ಟಿದ್ರೆ ಇದನ್ನ ಸರ್ವರ್‌ಗೆ ಚುಚ್ಚಿ ಎಲ್ಲಾ ಕದೀಬಹುದಿತ್ತು" ಎಂದರು.

"ಹೇಗಮ್ಮಾ ಇವ್ರು?" ಎಂದು ತಾಯಿಯನ್ನು ಕೇಳಿದರು. ತಾಯಿ ಎಂಬುದೊಂದು ಮಾತ್ರ ನಿಜವಾಗಿತ್ತು.

"ಘಾಟಿ ಕಣೇ. ಇವನಿಗಿಂತ ಮುಂಚೆ ಇದ್ದೋನು ಬಾಗ್ಲೂ ತೆಗೆದ, ಕಾಲಿಗೂ ಬಿದ್ದ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವರು ಎದ್ದ ಕುರ್ಚಿಯಲ್ಲಿ ಕುಸಿದು ಕುಳಿತೆ.

ಈಗ ನನ್ನ ಹತ್ತಿರ ಇರುವುದು ಒಂದು ಸರ್ಟಿಫಿಕೇಟು, ಕೈಬಿಟ್ಟು ಹೋಗದ ಆ ಒಂದು ಕಂಪನಿ, ಎರಡು ಏಣಿ, ಜೊತೆಗೆ ದುಡಿಯುವ ಮೂವರು.