ದಡಕ್ಕೆ ಬಿದ್ದ ತಿಮಿಂಗಿಲ ಮತ್ತು ನಮ್ಮತ್ತೆ

ಟೋಕಿಯೋದಲ್ಲಿ ನೋಡೋದಕ್ಕೆ ಬೇಕಾದಷ್ಟಿತ್ತು. ಊರಿಂದ ಬಂದಿದ್ದ ನಮ್ಮತ್ತೆ ಹಟ ಹಿಡಿದಿದ್ದು ಮಾತ್ರ ನನ್ನ ಕೆಲಸದ ಜಾಗ ನೋಡಬೇಕು ಅಂತ. ಮ್ಯೂಸಿಯಂ ಒಂದರಲ್ಲಿ ಹಳೇ ಚಿತ್ರಗಳ ಹರಿದ ಕಾಗದಕ್ಕೆ ತೇಪೆ ಹಚ್ಚುವ ಕೆಲಸ ನನ್ನದು. ಕಾಯಂ ಆಗಿರಲಿಲ್ಲ. ಇಟ್ಟುಕೊಳ್ಳೋದೋ ಬಿಡೋದೋ ಅಂತ ಆ ತಿಂಗಳೇ ತೀರ್ಮಾನ ಆಗಬೇಕಿತ್ತು. ವರ್ಷಗಟ್ಟಲೆ ಗಂಡನ ವೀಸಾದ ಮೇಲೆ ಕೂತಿದ್ದ ನನಗೆ, ಆ ಊರಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಶರತ್ಕಾಲದ ಒಣ ಹವೆಯಲ್ಲಿ ಅಲ್ಲಿ ಹಳೇ ಚಿತ್ರಗಳನ್ನು ಹೊರತೆಗೆದು ಗಾಳಿಗೆ ಹರಡುತ್ತಾರೆ. ನಮ್ಮ ಮ್ಯೂಸಿಯಂನಲ್ಲಿ ಆ ದಿನ ಕೆಲಸದವರು ಮನೆಯವರನ್ನೂ ಕರೆತರಬಹುದಿತ್ತು. ಮೇಜಿನ ಮೇಲೆ, ಗಾಜಿಲ್ಲದೆ, ನಾನೇ ತೇಪೆ ಹಚ್ಚಿದ ಉದ್ದನೆಯ ಸುರುಳಿ ಚಿತ್ರವೊಂದನ್ನು ಬಿಚ್ಚಿಟ್ಟಿದ್ದರು. ದಡಕ್ಕೆ ಬಂದು ಬಿದ್ದ ತಿಮಿಂಗಿಲ. ಅದರ ಬೆನ್ನಿಗೆ ಏಣಿ ಹಾಕಿ ಹತ್ತಿದ ಊರ ಜನ, ಹಗ್ಗ ಹಿಡಿದು ಅಳೆಯುವವರು, ತಿಂಡಿ ಕಟ್ಟಿಕೊಂಡು ನೋಡಲು ಬಂದವರು.

"ಮುಟ್ಟಬೇಡಿ ಅತ್ತೆ," ಅಂತ ಬಾಗಿಲಲ್ಲೇ ಹೇಳಿದ್ದೆ.

"ನಾನೇನು ಎಳೇ ಮಗುವೇನೇ?"

ನಾನು ಹೇಳಿದ್ದೇ ಬಂತು! ತಿಮಿಂಗಿಲದ ತಲೆಯ ಹತ್ತಿರ ಬೆರಳಿಟ್ಟು ಕಣ್ಣಿಗೂ ಹಣೆಗೂ ಒತ್ತಿಕೊಂಡರು. ಒಂದು ಸಲ ಸಾಲದು ಅಂತ ಇನ್ನೊಂದು ಸಲ. ಹಣೆಯ ಕುಂಕುಮ ಬೆರಳಿಗೆ ಹತ್ತಿ, ಬೆರಳಿಂದ ಕಾಗದಕ್ಕೆ ಹತ್ತಿತು.

ನಮ್ಮ ಮುಖ್ಯಸ್ಥೆ ಕೂಗಲಿಲ್ಲ. ಬೈದಿದ್ದರೆ ವಾಸಿಯಿತ್ತು. ದೀಪ ಎಳೆದುಕೊಂಡು, ಮೆತ್ತನೆ ಕುಂಚದಿಂದ ಕೆಂಪು ಪುಡಿ ತೆಗೆಯುತ್ತಾ ಕೂತರು. "ಸುಮಿಮಾಸೆನ್" ಅಂತ ಕ್ಷಮೆ ಕೇಳಿ ಬಗ್ಗಿದವಳು ನಾನು ಬಗ್ಗಿಯೇ ಇದ್ದೆ. ಮನೆಗೆ ಹೋಗ್ಲಿ, ಇದೆ ಇವರಿಗೆ ಮಾರಿಹಬ್ಬ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಕುಂಚ ಕೆಳಗಿಟ್ಟಾಗಲೂ ಕಾಗದದ ಮೇಲೆ ನಸುಗೆಂಪು ಉಳಿದೇ ಇತ್ತು.

"ಯಾಕೆ ಮುಟ್ಟಿದರು, ಕೇಳಿ," ಅಂದರು ಮುಖ್ಯಸ್ಥೆ.

ಕೇಳಿದೆ. ಅತ್ತೆ ತಿಮಿಂಗಿಲದ ಕಣ್ಣಿನ ಕಡೆ ತೋರಿಸಿದರು. "ಅದಿನ್ನೂ ಕಣ್ಣು ಬಿಟ್ಕೊಂಡಿದೆ ಕಣೇ. ಇವರೆಲ್ಲ ಮೈಮೇಲೆ ಹತ್ತಿದಾರೆ. ಸಾಯೋ ಜೀವಕ್ಕೆ ಕೈ ಮುಗೀದೆ ಹೇಗೆ ಮುಂದೆ ಹೋಗಲಿ?"

ಒಂದಕ್ಷರ ಬಿಡದೆ ಜಪಾನಿಯಲ್ಲಿ ಹೇಳಿದೆ. ಮುಖ್ಯಸ್ಥೆ ಎದ್ದು ನಿಂತು, ಅತ್ತೆಗೆ ಸೊಂಟ ಬಗ್ಗಿಸಿ ವಂದಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಸೋಮವಾರದಿಂದ ಬರುವುದು ಬೇಡ ಅಂದರು, ಮೆಲ್ಲಗೆ.

"ಏನಂದ್ರು ಕಣೇ?" ಅತ್ತೆ ನನ್ನ ತೋಳು ಹಿಡಿದುಕೊಂಡರು.

"ನೀವು ಬಂದಿದ್ದು ತುಂಬಾ ಸಂತೋಷ ಆಯ್ತಂತೆ," ಅಂದೆ. "ನಡೀರಿ ಅತ್ತೆ, ಮನೆಗೆ ಹೋಗೋಣ."